ಮೂಡಣ ಬಾಗಿಲಿನ ದಾರಿಯಲ್ಲಿ ಅಚ್ಚು ಮತ್ತು ಬ್ರೇಕು

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ಹಳೆಯ ಮದರಾಸು ರಸ್ತೆ ಹೊಸಕೋಟೆಯನ್ನು ದಾಟಿದ ಮೇಲೆ ಕೋಲಾರದ ಸೀಮೆಯನ್ನು ಹೊಗುತ್ತದೆ. ಬಂಡೆಗಲ್ಲಿನ ಬೆಟ್ಟಗಳು, ನೀಲಗಿರಿಯ ತೋಪುಗಳು, ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಪೂರ್ವಿಕರು ಕಟ್ಟಿದ ಕೆರೆಗಳು ಪಯಣಿಗನ ಕಣ್ಣಿಗೆ ಒಂದೊಂದಾಗಿ ಬೀಳುತ್ತವೆ. ಈ ಸೀಮೆಯನ್ನು ನೋಡಲು ಇನ್ನೊಂದು ಬಗೆಯೂ ಉಂಟು. ರಸ್ತೆಯಲ್ಲಿ ಓಡುವ ಗಾಡಿಗಳ ಕೆಳಗೆ ಬಗ್ಗಿ ನೋಡುವುದೇ ಆ ಬಗೆ. ಯಾವ ಗಾಡಿ ಎಷ್ಟು ಹೊರೆ ಹೊತ್ತಿದೆ, ಆ ಹೊರೆಯನ್ನು ಎಂಥ ಅಚ್ಚು ತಾಳಿದೆ, ಓಡುವುದನ್ನು ಎಂಥ ಬ್ರೇಕು ನಿಲ್ಲಿಸುತ್ತದೆ ಎಂದು ವಿಚಾರಿಸುತ್ತ ಹೋದರೆ ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಎಂಬ ನಾಲ್ಕು ಊರುಗಳು ಬೇರೆಯೇ ಒಂದು ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಹಳೆಯ ಮೋಟಾರೊಂದನ್ನು ಬಿಚ್ಚಿ ಕೈಯಾರೆ ಹೊಸದಾಗಿ ಕಟ್ಟುವ ಹಂಬಲ ಹೊತ್ತವನಿಗಂತೂ ಈ ಸುತ್ತಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಈ ಹಂಬಲ ಒಂದು ದೊಡ್ಡ ಹವ್ಯಾಸವಾಗಿ ಬೆಳೆದದ್ದು ಅಮೆರಿಕದಲ್ಲಿ. ೧೯೩೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ತರುಣರು ಅಗ್ಗಕ್ಕೆ ದೊರೆತ ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಚಾವಣಿಗಳನ್ನು ಕಳಚಿ, ಎಂಜಿನ್ನಿನ ಕಸುವನ್ನು ಹೆಚ್ಚಿಸಿ, ಬತ್ತಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಅಂಥ ಗಾಡಿಗೆ ಮುಂದೆ ‘ಹಾಟ್ ರಾಡ್’ ಎಂಬ ಹೆಸರು ಬಂದಿತು. ಎಂಜಿನ್ನು ಬಲವಾದೊಡನೆ ಎರಡು ಕೊರತೆಗಳು ಎದ್ದು ಕಂಡವು. ಹಿಂಬದಿಯ ಅಚ್ಚು ಆ ಕಸುವನ್ನು ತಾಳಲಿಲ್ಲ. ಬ್ರೇಕು ಆ ವೇಗವನ್ನು ಹಿಡಿಯಲಿಲ್ಲ. ೧೯೩೮ರ ಮಾದರಿಯವರೆಗೂ ಫೋರ್ಡ್ ಕಾರುಗಳಲ್ಲಿ ಇದ್ದದ್ದು ಸರಳು, ತಂತಿಗಳಿಂದ ಎಳೆಯುವ ಬ್ರೇಕು. ೧೯೩೯ರ ಮಾದರಿಯಲ್ಲಿ ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಹೈಡ್ರಾಲಿಕ್ ಬ್ರೇಕು ಬಂದಿತು. ಅದನ್ನು ತಂದು ಹಳೆಯ ಗಾಡಿಗೆ ಕೂರಿಸುವುದು ಆ ತರುಣರ ವಾಡಿಕೆಯಾಯಿತು. ೧೯೫೭ರಲ್ಲಿ ಫೋರ್ಡ್ ಕಂಪೆನಿ ಹೊರತಂದ, ಒಂಬತ್ತು ಅಂಗುಲದ ಕ್ರೌನ್ ಚಕ್ರವುಳ್ಳ ಹಿಂಬದಿಯ ಆಕ್ಸಲು ಅವರೆಲ್ಲರ ಮೆಚ್ಚಿನದಾಯಿತು.

ನಮ್ಮ ನಾಡಿನಲ್ಲಿ ಆ ಹಳೆಯ ಫೋರ್ಡಿನ ಸ್ಥಾನಕ್ಕೆ ಸಲ್ಲುವ ಗಾಡಿಯೆಂದರೆ ಜೀಪು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪೆನಿ ಸ್ವಾತಂತ್ರ್ಯಾನಂತರ ನಮ್ಮಲ್ಲಿ ಜೋಡಿಸಿತು, ಬಳಿಕ ತಾನೇ ತಯಾರಿಸಿತು. ಅದರ ರಚನೆ ಸರಳ: ಏಣಿಯಂತಹ ಚಾಸಿಸ್ಸು, ಮುಂದೊಂದು ಹಿಂದೊಂದು ಗಟ್ಟಿ ಆಕ್ಸಲು, ಪಟ್ಟಿ ಸ್ಪ್ರಿಂಗು. ಸ್ಪಾನರು ಹಿಡಿಯಬಲ್ಲವನು ಅದನ್ನು ಬಿಚ್ಚಿ ಜೋಡಿಸಬಹುದು. ಆದರೆ ಬಿಚ್ಚುವುದು ಸುಲಭವಾದ ಮಾತ್ರಕ್ಕೆ ಆರಿಸುವುದು ಸುಲಭವಲ್ಲ. ಹಿಂಬದಿಗೆ ಯಾವ ಆಕ್ಸಲು, ಅದಕ್ಕೆ ಯಾವ ಬ್ರೇಕು ಎಂಬ ಪ್ರಶ್ನೆ ಮೊದಲ ದಿನವೇ ಎದುರು ನಿಲ್ಲುತ್ತದೆ.

ಮಾಲೂರು: ಹೆಂಚಿನ ಹೊರೆ

೧೮೬೪ರಲ್ಲಿ ತೆರೆದ ಬೆಂಗಳೂರು-ಜೋಲಾರಪೇಟೆ ರೈಲುಮಾರ್ಗದ ಮೇಲಿರುವ ಊರು ಮಾಲೂರು. ಹೆಂಚು, ಇಟ್ಟಿಗೆಗಳಿಂದ ಅದಕ್ಕೆ ಹೆಸರು. ಜೇಡಿಮಣ್ಣು ಗೂಡಿನಲ್ಲಿ ಬೆಂದು ಕೆಂಪಾಗಿ ಹೊರಬಂದು ಲಾರಿಯನ್ನೇರುತ್ತದೆ. ಇಟ್ಟಿಗೆಯೊಂದಕ್ಕೆ ಮೂರು ಕಿಲೋ ತೂಕವೆಂದರೂ ಮೂರು ಸಾವಿರ ಇಟ್ಟಿಗೆ ತುಂಬಿದ ಲಾರಿ ಒಂಬತ್ತು ಟನ್ ಹೊತ್ತಂತಾಯಿತು. ಅದರ ಬಹುಪಾಲು ಕೂರುವುದು ಹಿಂಬದಿಯ ಅಚ್ಚಿನ ಮೇಲೆ.

ಎತ್ತಿನ ಗಾಡಿಯ ಅಚ್ಚಿಗೆ ಇರುವುದು ಒಂದೇ ಕೆಲಸ, ಹೊರೆ ಹೊರುವುದು. ಅಚ್ಚು ತಿರುಗುವುದಿಲ್ಲ, ಗಾಲಿ ಅದರ ತುದಿಯಲ್ಲಿ ತಿರುಗುತ್ತದೆ, ಕೀಲು ಅದನ್ನು ಕಳಚದಂತೆ ಹಿಡಿದಿರುತ್ತದೆ. ಎಳೆಯುವ ಕೆಲಸ ಎತ್ತುಗಳದು. ಮೋಟಾರಿನ ಹಿಂಬದಿಯ ಆಕ್ಸಲಿಗಾದರೋ ಎರಡು ಕೆಲಸ. ಹೊರೆಯನ್ನು ಹೊರಬೇಕು, ಎಂಜಿನ್ನಿನ ತಿರುಚುಬಲವನ್ನು ಗಾಲಿಗೆ ಮುಟ್ಟಿಸಲೂ ಬೇಕು. ಈ ಎರಡನ್ನು ಒಂದೇ ಉಕ್ಕಿನ ದಂಡಕ್ಕೆ ವಹಿಸುವುದೋ, ಬೇರೆ ಬೇರೆಯಾಗಿ ಹಂಚುವುದೋ ಎಂಬುದೇ ಆಕ್ಸಲುಗಳ ನಡುವಣ ಮುಖ್ಯ ಭೇದ.

ರಸ್ತೆಯ ಬದಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ದುರಸ್ತಿ ಮಾಡುವುದನ್ನು ನೋಡಿದವರಿಗೆ ಇದು ತಾನಾಗಿಯೇ ತಿಳಿಯುತ್ತದೆ. ಮೆಕ್ಯಾನಿಕ್ಕು ಗಾಲಿಯ ನಡುವಣ ಬೋಲ್ಟುಗಳನ್ನು ಬಿಚ್ಚಿ, ಒರೆಯಿಂದ ಕತ್ತಿ ಹಿರಿದಂತೆ ಉದ್ದನೆಯ ದಂಡವೊಂದನ್ನು ಹೊರಗೆಳೆಯುತ್ತಾನೆ. ಲಾರಿ ತನ್ನ ಗಾಲಿಗಳ ಮೇಲೆ ಹಾಗೆಯೇ ನಿಂತಿರುತ್ತದೆ, ಜಾಕು ಬೇಕಾಗುವುದಿಲ್ಲ. ಹೊರೆಯನ್ನು ಹೊರಗಿನ ಕೊಳವೆ ಹೊತ್ತಿರುತ್ತದೆ. ಒಳಗಿನ ದಂಡದ ಕೆಲಸ ತಿರುಗಿಸುವುದಷ್ಟೆ. ಇದು ‘ಫುಲ್ ಫ್ಲೋಟಿಂಗ್’ ಆಕ್ಸಲು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿಯೂ ಇದ್ದದ್ದು ಇದೇ. ಬಳಿಕ ನಾಗರಿಕರಿಗಾಗಿ ಬಂದ ಜೀಪುಗಳಲ್ಲಿ ‘ಸೆಮಿ ಫ್ಲೋಟಿಂಗ್’ ಆಕ್ಸಲು ಬಂದಿತು. ಅದರಲ್ಲಿ ಒಂದೇ ದಂಡ ಹೊರುತ್ತದೆ, ತಿರುಗಿಸುತ್ತದೆ. ಅದು ಹಗುರ, ಅಗ್ಗ; ಆದರೆ ತುದಿಯಲ್ಲಿ ಮುರಿದರೆ ಗಾಲಿಯೇ ಕಳಚಿಹೋಗುವ ಭಯವುಂಟು.

ಹಾಗಾದರೆ ಲಾರಿಯ ಆಕ್ಸಲನ್ನೇ ಜೀಪಿಗೆ ಕೂರಿಸಿದರಾಗದೆ ಎಂಬ ಆಸೆ ಸಹಜ. ಆಗದು. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದಷ್ಟೂ ಗಾಲಿ ಹಳ್ಳಕೊಳ್ಳಗಳಲ್ಲಿ ಪುಟಿಯುತ್ತದೆ. ಪುಟಿದ ಗಾಲಿಗೆ ನೆಲದ ಹಿಡಿತವಿಲ್ಲ. ಹಿಡಿತವಿಲ್ಲದ ಗಾಲಿಗೆ ಬ್ರೇಕು ಇದ್ದೂ ಪ್ರಯೋಜನವಿಲ್ಲ. ಅಂಬಾಸಿಡರ್ ಕಾರಿನ ಆಕ್ಸಲು ಹಗುರವೇನೋ ಸರಿ, ಆದರೆ ಅದರ ತೊಡಕು ಬೇರೆ. ಹಳೆಯ ಜೀಪಿನ ಹಿಂಬದಿಯ ಡಿಫರೆನ್ಷಿಯಲ್ ಗುಂಡು ನಟ್ಟನಡುವೆ ಇರದೆ ಬಲಕ್ಕೆ ಸರಿದಿದೆ. ಗೇರುಪೆಟ್ಟಿಗೆಯಿಂದ ಬರುವ ದಂಡವೂ ಬಲಕ್ಕೇ ಇದೆ. ನಡುವೆ ಗುಂಡುಳ್ಳ ಆಕ್ಸಲನ್ನು ಕೂರಿಸಿದರೆ ಆ ದಂಡ ಓರೆಯಾಗಿ ತಿರುಗಬೇಕಾಗುತ್ತದೆ. ಜೀಪಿನ ಗಾಲಿಯ ಐದು ಬೋಲ್ಟುಗಳು ಐದೂವರೆ ಅಂಗುಲದ ವೃತ್ತದಲ್ಲಿ ನಿಂತಿವೆ, ಅದಕ್ಕೂ ಹೊಂದಬೇಕು. ಆದ್ದರಿಂದ ಆಕ್ಸಲು ಕೊಳ್ಳಲು ಹೊರಟವನ ಜೇಬಿನಲ್ಲಿ ಹಣಕ್ಕೆ ಮೊದಲು ಅಳತೆಪಟ್ಟಿ ಇರಬೇಕು.

ಕೋಲಾರ: ಹೆದ್ದಾರಿಯ ಲೆಕ್ಕ

ಮಾಲೂರಿನಿಂದ ಉತ್ತರಕ್ಕೆ ಸಾಗಿದರೆ ನರಸಾಪುರದ ಬಳಿ ಮತ್ತೆ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಶತಶೃಂಗ ಪರ್ವತದ ಬಂಡೆಗಳು, ಅಂತರಗಂಗೆಯ ತಪ್ಪಲು, ಕೋಲಾರಮ್ಮನ ಗುಡಿಯುಳ್ಳ ಕೋಲಾರ ನಗರ. ಹಿಂದೆ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಾಗಿದ್ದ ಈ ರಸ್ತೆ ಈಗ ಅಗಲವಾಗಿದೆ. ಮಾಲೂರಿನ ಸೀಮೆಯಲ್ಲಿ ಹಾಯುವ ಚೆನ್ನೈ ಎಕ್ಸ್‌ಪ್ರೆಸ್ ಮಾರ್ಗದ ಕರ್ನಾಟಕದ ಭಾಗವೂ ೨೦೨೪ರ ಕೊನೆಗೆ ಸಂಚಾರಕ್ಕೆ ತೆರೆಯಿತು. ರಸ್ತೆ ನಯವಾದಂತೆ ವೇಗದ ಆಸೆಯೂ ಬೆಳೆಯುತ್ತದೆ. ಆಕ್ಸಲಿನ ಒಳಗಿರುವ ಹಲ್ಲುಗಳ ಲೆಕ್ಕ ಇಲ್ಲಿ ಮುಖ್ಯವಾಗುತ್ತದೆ.

ಹಳೆಯ ನಾಗರಿಕ ಜೀಪಿನ ಕ್ರೌನ್-ಪಿನಿಯನ್ನಿನ ಪ್ರಮಾಣ ೫.೩೮. ಗಾಲಿ ಒಂದು ಸುತ್ತು ಸುತ್ತಲು ದಂಡ ಐದೂ ಕಾಲು ಸುತ್ತಿಗೂ ಮಿಗಿಲಾಗಿ ತಿರುಗಬೇಕೆಂದು ಇದರ ಅರ್ಥ. ಜೀಪಿನ ಗಾಲಿಯ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು ೨,೪೦೦ ಸುತ್ತು ತಿರುಗುತ್ತದೆ. ೧೦೦ ಕಿಲೋಮೀಟರಿಗೆ ಏರಿದರೆ ಸುಮಾರು ೪,೦೦೦. ಪೆಟ್ರೋಲ್ ಜೀಪಿನ ಹರಿಕೇನ್ ಎಂಜಿನ್ನಿನ ಪೂರ್ಣ ಶಕ್ತಿ ಹೊರಬರುವುದೇ ಆ ಸುತ್ತಿನಲ್ಲಿ. ಅದನ್ನು ಹಾಗೆ ಗಂಟೆಗಟ್ಟಲೆ ಓಡಿಸುವುದು ಮುದುಕನನ್ನು ಬೆಟ್ಟ ಹತ್ತಿಸಿದಂತೆ. ೪.೧೦ರ ಹಲ್ಲುಗಳನ್ನು ಹಾಕಿದರೆ ಅದೇ ವೇಗಕ್ಕೆ ೩,೦೦೦ ಸುತ್ತು ಸಾಕು. ಆದರೆ ಹೊರೆ ಹೊತ್ತು ಏರುದಾರಿ ಹತ್ತುವ ಕಸುವು ಅಷ್ಟರಮಟ್ಟಿಗೆ ಕುಗ್ಗುತ್ತದೆ. ನಾಲ್ಕು ಗಾಲಿಗೂ ಎಳೆತವಿರುವ ಜೀಪಿನಲ್ಲಿ ಹಿಂಬದಿಯ ಹಲ್ಲುಗಳನ್ನು ಬದಲಿಸಿದರೆ ಮುಂಬದಿಯವನ್ನೂ ಬದಲಿಸಲೇಬೇಕು. ಇಲ್ಲವಾದರೆ ನಾಲ್ಕು ಗಾಲಿಯ ಎಳೆತ ಹಾಕಿದೊಡನೆ ಮುಂದಿನ ಗಾಲಿ, ಹಿಂದಿನ ಗಾಲಿ ಪರಸ್ಪರ ಜಗ್ಗಾಡಿ ಹಲ್ಲುಗಳು ಹಾಳಾಗುತ್ತವೆ.

ವೇಗವನ್ನು ಕೊಡುವ ಈ ಬದಲಾವಣೆ ಬ್ರೇಕಿಗೆ ಏನನ್ನು ಉಳಿಸುತ್ತದೆ? ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಮಡಿಯಾಗುತ್ತದೆ. ೫೦ರಲ್ಲಿ ನಿಲ್ಲಿಸಲು ಸಾಕಾದ ಡ್ರಮ್ಮು ೧೦೦ರಲ್ಲಿ ಅದೇ ಕೆಲಸವನ್ನು ನಾಲ್ಕು ಸಲ ಒಟ್ಟಿಗೆ ಮಾಡಬೇಕು. ಮೊದಮೊದಲ ಜೀಪುಗಳ ಡ್ರಮ್ಮು ಒಂಬತ್ತು ಅಂಗುಲದ್ದು ಮಾತ್ರ. ಹಲ್ಲು ಬದಲಿಸಿ ಡ್ರಮ್ಮನ್ನು ಹಾಗೆಯೇ ಬಿಟ್ಟವನು ಗಾಡಿಗೆ ಕಾಲು ಕೊಟ್ಟು ಕಡಿವಾಣವನ್ನು ಮರೆತಂತೆ.

ನರಸಾಪುರದಲ್ಲಿ ೨೦೧೩ರಲ್ಲಿ ಕೆಲಸ ಆರಂಭಿಸಿದ ಹೋಂಡಾ ಕಾರ್ಖಾನೆಯಿಂದ ಹೊರಬರುವ ದ್ವಿಚಕ್ರ ವಾಹನಗಳು ಇನ್ನೊಂದು ವಿಷಯವನ್ನು ನೆನಪಿಗೆ ತರುತ್ತವೆ. ಚಿಕ್ಕ ಸ್ಕೂಟರುಗಳಲ್ಲಿ ಒಂದು ಹಿಡಿ ಅದುಮಿದರೆ ಮುಂದಿನ, ಹಿಂದಿನ ಬ್ರೇಕುಗಳೆರಡೂ ಹಿಡಿಯುವ ಏರ್ಪಾಡು ಇದೆ. ೨೦೧೯ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಚಿಕ್ಕ ದ್ವಿಚಕ್ರಗಳಿಗೆ ಈ ಏರ್ಪಾಡಾಗಲಿ, ಗಾಲಿ ಕಚ್ಚಿಕೊಳ್ಳದಂತೆ ಕಾಯುವ ಎ.ಬಿ.ಎಸ್. ಆಗಲಿ ಕಡ್ಡಾಯವಾಯಿತು. ಕಾರಣ ಸರಳ. ಬ್ರೇಕು ಹಾಕಿದ ಕ್ಷಣದಲ್ಲಿ ಗಾಡಿಯ ತೂಕ ಮುಂದಕ್ಕೆ ಸರಿಯುತ್ತದೆ. ಹಿಂದಿನ ಗಾಲಿ ಹಗುರವಾಗುತ್ತದೆ. ಹಗುರವಾದ ಹಿಂದಿನ ಗಾಲಿಯನ್ನೇ ಬಲವಾಗಿ ಹಿಡಿದರೆ ಅದು ಕಚ್ಚಿಕೊಂಡು ಜಾರುತ್ತದೆ, ಗಾಡಿ ಬಾಲ ತಿರುವುತ್ತದೆ.

ಹಿಂಬದಿಯ ಆಕ್ಸಲನ್ನು ಆರಿಸುವವನು ಎಡವುವುದು ಇಲ್ಲಿಯೇ. ದೊಡ್ಡ ಆಕ್ಸಲು ತನ್ನ ದೊಡ್ಡ ಡ್ರಮ್ಮುಗಳೊಡನೆ ಬರುತ್ತದೆ. ಹಿಂದೆ ಹನ್ನೊಂದು ಅಂಗುಲ, ಮುಂದೆ ಒಂಬತ್ತೇ ಅಂಗುಲವಾದರೆ ಬ್ರೇಕು ಹೆಚ್ಚಿದಂತೆ ತೋರಿದರೂ ಅಪಾಯವೇ ಹೆಚ್ಚಿತು. ಹಿಂದಿನದನ್ನು ಬಲಪಡಿಸುವ ಮುನ್ನ ಮುಂದಿನದನ್ನು ಬಲಪಡಿಸಬೇಕು: ಮುಂದಕ್ಕೆ ಡಿಸ್ಕು, ಹಿಂದಕ್ಕೆ ಡ್ರಮ್ಮು, ಹಿಂದಿನ ಒತ್ತಡವನ್ನು ಅಳತೆಯಲ್ಲಿಡುವ ಒಂದು ವಾಲ್ವು. ಡಿಸ್ಕಿಗೆ ಹೆಚ್ಚಿನ ಒತ್ತಡ ಬೇಕಾದುದರಿಂದ ಮಾಸ್ಟರ್ ಸಿಲಿಂಡರನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಹಳೆಯ ಜೀಪಿನಲ್ಲಿ ಒಂದೇ ಕೋಣೆಯ ಸಿಲಿಂಡರು. ಒಂದು ಕೊಳವೆ ಸೋರಿದರೆ ನಾಲ್ಕು ಗಾಲಿಯ ಬ್ರೇಕೂ ಹೋಯಿತು. ಎರಡು ಕೋಣೆಯದಾದರೆ ಒಂದು ಜೋಡಿಯಾದರೂ ಉಳಿಯುತ್ತದೆ.

ಕೋಲಾರದ ಆರ್.ಟಿ.ಓ. ಕಚೇರಿಯ ಪ್ರಸ್ತಾಪವೂ ಇಲ್ಲಿ ಅವಶ್ಯಕ. ‘ಕೆಎ ೦೭’ ಎಂಬ ಅಂಕಿತ ಹೊತ್ತ ಗಾಡಿಗಳ ದಾಖಲೆ ಅಲ್ಲಿನದು. ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಟ್ಟುವ ಮುನ್ನ ಕಚೇರಿಯನ್ನು ಕೇಳಿ ಲಿಖಿತ ಅನುಮತಿ ಪಡೆಯುವುದು ಜಾಣತನ. ಅನುಮತಿ ದೊರೆಯದ ಗಾಡಿಗೆ ಉಳಿಯುವುದು ಖಾಸಗಿ ಬಯಲು ಮಾತ್ರ.

ಶ್ರೀನಿವಾಸಪುರ: ಮಾವಿನ ಹಂಗಾಮು

ಕೋಲಾರದಿಂದ ಉತ್ತರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು ಹೋದರೆ ಶ್ರೀನಿವಾಸಪುರ. ಇದು ಮಾವಿನ ಊರು. ಮೇ ತಿಂಗಳಿನಿಂದ ಜುಲೈವರೆಗೆ ರಸಪುರಿ, ಬಾದಾಮಿ, ಬೇನಿಷಾ, ತೋತಾಪುರಿ, ನೀಲಂ ಹಣ್ಣುಗಳ ಪರಿಮಳ ಮಾರುಕಟ್ಟೆಯನ್ನು ತುಂಬಿರುತ್ತದೆ. ತೋಟದಿಂದ ಮಂಡಿಗೆ ಹಣ್ಣು ಹೊರುವ ಗಾಡಿಗಳಲ್ಲಿ ಟ್ರ್ಯಾಕ್ಟರು ಮುಖ್ಯವಾದುದು. ಹಿಂದೆ ಒಂದು ಟ್ರೇಲರು, ಟ್ರೇಲರಿನಲ್ಲಿ ಕಾಯಿಯ ರಾಶಿ, ರಾಶಿಯ ಮೇಲೆ ಒಮ್ಮೊಮ್ಮೆ ಆಳುಗಳೂ ಇರುತ್ತಾರೆ.

ಆ ಟ್ರೇಲರಿನ ಕೆಳಗೆ ಬಗ್ಗಿ ನೋಡಿದರೆ ಕಾಣುವುದು ಎತ್ತಿನ ಗಾಡಿಯ ಅಚ್ಚಿನ ತಮ್ಮ: ಗಟ್ಟಿಯಾದ ಉಕ್ಕಿನ ದಂಡ, ತುದಿಗೆ ಎರಡು ಗಾಲಿ. ಎಷ್ಟೋ ಟ್ರೇಲರುಗಳಲ್ಲಿ ಬ್ರೇಕೇ ಇರುವುದಿಲ್ಲ. ಮುಂದಿರುವ ಟ್ರ್ಯಾಕ್ಟರಿನಲ್ಲಿಯೂ ಸಾಮಾನ್ಯವಾಗಿ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಇಳಿಜಾರಿನಲ್ಲಿ ಟ್ರ್ಯಾಕ್ಟರು ನಿಲ್ಲಬೇಕೆಂದರೆ ತನ್ನ ತೂಕವನ್ನಲ್ಲದೆ ಬೆನ್ನಿಗೆ ಬಿದ್ದ ಟ್ರೇಲರಿನ ತೂಕವನ್ನೂ ತಡೆಯಬೇಕು. ತಡೆಯಲಾರದಾಗ ಟ್ರೇಲರು ಮುಂದೊತ್ತಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತದೆ.

ಟ್ರ್ಯಾಕ್ಟರಿನ ಬ್ರೇಕಿಗೆ ಎರಡು ಪೆಡಲುಗಳಿರುವುದನ್ನು ಎಷ್ಟೋ ಮಂದಿ ಗಮನಿಸಿರುವುದಿಲ್ಲ. ಒಂದು ಎಡಗಾಲಿಗೆ, ಇನ್ನೊಂದು ಬಲಗಾಲಿಗೆ. ಉಳುವಾಗ ಸಾಲಿನ ತುದಿಯಲ್ಲಿ ಒಂದೇ ಗಾಲಿಯನ್ನು ಹಿಡಿದು ಥಟ್ಟನೆ ತಿರುಗಲು ಅದು ಅನುಕೂಲ. ರಸ್ತೆಗೆ ಬಂದೊಡನೆ ಎರಡು ಪೆಡಲುಗಳನ್ನು ಚಿಲಕದಿಂದ ಕೂಡಿಸಬೇಕು. ಕೂಡಿಸುವುದನ್ನು ಮರೆತು ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರು ಆ ಕಡೆಗೆ ಎಳೆದುಕೊಂಡು ಮಗುಚುತ್ತದೆ. ಹೊಲದಲ್ಲಿ ಗುಣವಾದದ್ದೇ ರಸ್ತೆಯಲ್ಲಿ ಮಾರಕವಾಗುತ್ತದೆ.

ಹೊಸದಾಗಿ ಕಟ್ಟಿದ ಜೀಪಿಗೂ ಈ ಮಾತು ಸಲ್ಲುತ್ತದೆ. ಒಂದು ಗಾಲಿಯ ಲೈನರು ಎಣ್ಣೆ ಕುಡಿದಿದ್ದರೆ, ಒಂದು ಡ್ರಮ್ಮು ಸವೆದಿದ್ದರೆ ಎರಡು ಪೆಡಲಿನ ಚಿಲಕ ಕಳಚಿದಂತೆಯೇ. ಹಳೆಯ ಆಕ್ಸಲಿನ ಎಣ್ಣೆಸೀಲು ಸೋರಿದರೆ ಆ ಎಣ್ಣೆ ನೇರವಾಗಿ ಸೇರುವುದು ಬ್ರೇಕಿನ ಲೈನರನ್ನು. ಆದ್ದರಿಂದ ಗುಜರಿಯಿಂದ ತಂದ ಆಕ್ಸಲಿಗೆ ಮೊದಲು ಹೊಸ ಸೀಲು, ಹೊಸ ಬೇರಿಂಗು, ಆಮೇಲೆ ಬಣ್ಣ. ಹಳೆಯ ವಿಲ್ಲಿಸ್ ಜೀಪಿನ ಹ್ಯಾಂಡ್‌ಬ್ರೇಕೂ ಗಾಲಿಯಲ್ಲಿ ಇರದೆ, ಆಕ್ಸಲಿಗೆ ಹೋಗುವ ದಂಡದ ಮೇಲೆ ಇದೆ. ಆಕ್ಸಲಿನ ದಂಡ ಮುರಿದರೆ ಹ್ಯಾಂಡ್‌ಬ್ರೇಕೂ ವ್ಯರ್ಥ. ಅಚ್ಚು ಬೇರೆ, ಬ್ರೇಕು ಬೇರೆ ಎಂದು ಎಣಿಸುವಂತೆಯೇ ಇಲ್ಲ.

ಮುಳಬಾಗಿಲು: ಇಳಿಜಾರಿನ ಮುನ್ನ

ಶ್ರೀನಿವಾಸಪುರದ ತೋತಾಪುರಿ ಹಣ್ಣು ಚಿತ್ತೂರಿನ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿ ಮುಳಬಾಗಿಲು ಸಿಗುತ್ತದೆ. ಮೂಡಣ ಬಾಗಿಲು ಎಂಬುದೇ ಈ ಹೆಸರಿನ ಮೂಲವೆಂದು ಹೇಳುತ್ತಾರೆ. ಬಾಗಿಲೆಂಬ ಮಾತು ಭೂಗೋಳಕ್ಕೂ ಒಪ್ಪುತ್ತದೆ. ಇಲ್ಲಿಯವರೆಗಿನ ನೆಲ ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಸುಪಾಸಿನ ಪ್ರಸ್ಥಭೂಮಿ. ನಂಗಲಿಯನ್ನು ದಾಟಿ ಆಂಧ್ರದ ಪಲಮನೇರಿಗೆ ಬರುವಷ್ಟರಲ್ಲಿ ಅದು ತಗ್ಗುತ್ತ ಬರುತ್ತದೆ. ಅಲ್ಲಿಂದ ಮುಂದೆ ಮೊಗಿಲಿ ಘಟ್ಟದ ಮೂಲಕ ರಸ್ತೆ ಚಿತ್ತೂರಿಗೆ ಇಳಿಯುತ್ತದೆ. ಪಲಮನೇರಿಗೂ ಚಿತ್ತೂರಿಗೂ ಎತ್ತರದ ಅಂತರ ಸುಮಾರು ೩೫೦ ಮೀಟರ್. ಅಪಘಾತಗಳ ಸುದ್ದಿಯಲ್ಲಿ ಮೊಗಿಲಿ ಘಟ್ಟದ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಬ್ರೇಕಿನ ಕಣ್ಣಿನಿಂದ ಆ ೩೫೦ ಮೀಟರನ್ನು ನೋಡಬೇಕು. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಓಡುವ ಗಾಡಿಯನ್ನು ನಿಲ್ಲಿಸಲು ನುಂಗಬೇಕಾದ ಶಕ್ತಿ, ಅದೇ ಗಾಡಿ ಹದಿನಾಲ್ಕು ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಗೆ ಸಮ. ಅಂದರೆ ಘಟ್ಟವಿಳಿಯುವುದೆಂದರೆ ೬೦ರ ವೇಗದಿಂದ ಇಪ್ಪತ್ತೈದು ಸಲ ಪೂರ್ತಿ ನಿಲ್ಲಿಸಿದಂತೆ. ಇದರಲ್ಲಿ ಒಂದು ಪಾಲನ್ನು ಗಾಳಿ, ಗಾಲಿಗಳ ತಡೆ ತೆಗೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೂ ದೊಡ್ಡ ಪಾಲನ್ನು ತಡೆಯುತ್ತದೆ. ಗೇರು ತಪ್ಪಿಸಿ ಇಂಧನ ಉಳಿಸಹೊರಟವನ ಗಾಡಿಯಲ್ಲಿ ಉಳಿದುದೆಲ್ಲ ಡ್ರಮ್ಮಿನ ಪಾಲಿಗೆ ಬರುತ್ತದೆ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ, ಕೊನೆಗೆ ಎಣ್ಣೆಯೇ ಕುದಿಯುತ್ತದೆ. ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವುಂಟು. ‘ಡಾಟ್ ೩’ ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ ೨೦೫ ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ‘ಡಾಟ್ ೪’ಕ್ಕೆ ಈ ಅಂಕಿಗಳು ೨೩೦ ಮತ್ತು ೧೫೫. ಎಣ್ಣೆ ಕುದಿದು ಆವಿಯಾದರೆ ಪೆಡಲು ಹತ್ತಿಯಂತೆ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ತಗಲುವ ಖರ್ಚು ಒಂದು ಬುಟ್ಟಿ ಮಾವಿನ ಹಣ್ಣಿಗಿಂತ ಹೆಚ್ಚಾಗಲಾರದು.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳಿವೆ. ಶಿವರಾತ್ರಿಯ ಸಮಯದಲ್ಲಿ ಅಲ್ಲಿ ತೇರು, ದನಗಳ ಜಾತ್ರೆ. ತೇರಿಗೆ ಮರದ ಗಾಲಿ, ಗಟ್ಟಿ ಅಚ್ಚು, ಬ್ರೇಕೆಂಬುದಿಲ್ಲ. ನಮ್ಮ ನಾಡಿನ ತೇರುಗಳು ಸಾಮಾನ್ಯವಾಗಿ ಹಾಗೆಯೇ. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಗಾಲಿಗೆ ಮರದ ತುಂಡನ್ನು ಕೊಟ್ಟು ತೇರನ್ನು ತಡೆಯುವವರು, ತಿರುಗಿಸುವವರು ಬೆರಳೆಣಿಕೆಯ ಜನ. ಅವರು ಹಗ್ಗದ ಕಡೆಗಾಗಲಿ ಕಳಶದ ಕಡೆಗಾಗಲಿ ನೋಡುವುದಿಲ್ಲ. ಅವರ ಕಣ್ಣು ಗಾಲಿಯ ಮೇಲೆ, ಗಾಲಿಯ ಮುಂದೆ ನಿಂತ ಮಕ್ಕಳ ಮೇಲೆ. ಜೀಪು ಕಟ್ಟುವವನಿಗೂ ಈ ದೃಷ್ಟಿಯೇ ಬೇಕು. ಎಂಜಿನ್ನು ಕಟ್ಟುವುದು ಓಡಿಸುವವನ ಸಂತೋಷಕ್ಕಾಗಿ. ಬ್ರೇಕು ಇರುವುದು ಹೆಚ್ಚಾಗಿ ಇತರರಿಗಾಗಿ: ದೀಪವಿಲ್ಲದೆ ಹೋಗುವ ಟ್ರೇಲರಿನ ಮೇಲೆ ಕುಳಿತ ಆಳಿಗಾಗಿ, ಹೆದ್ದಾರಿ ದಾಟುವ ಮುದುಕಿಗಾಗಿ, ಶಾಲೆ ಬಿಟ್ಟು ಬರುವ ಹುಡುಗರಿಗಾಗಿ.

ಹೀಗೆ ನಾಲ್ಕು ಊರುಗಳನ್ನು ಸುತ್ತಿದವನಿಗೆ ಕೆಲಸದ ಕ್ರಮವೊಂದು ತಾನಾಗಿಯೇ ಒದಗುತ್ತದೆ. ಮೊದಲು ಹೊರೆಯನ್ನೂ ವೇಗವನ್ನೂ ನಿಶ್ಚಯಿಸಬೇಕು. ಅದಕ್ಕೆ ತಕ್ಕ ಮುಂದಿನ ಬ್ರೇಕು, ಎರಡು ಕೋಣೆಯ ಸಿಲಿಂಡರು, ಹೊಸ ಕೊಳವೆಗಳು. ಆಮೇಲೆ ಅದರೊಡನೆ ಹೊಂದುವ ಡ್ರಮ್ಮುಳ್ಳ ಹಿಂಬದಿಯ ಆಕ್ಸಲು. ಕಡೆಯಲ್ಲಿ ಎಂಜಿನ್ನಿನ ಕಸುವು. ಸಾಮಾನ್ಯವಾಗಿ ಜನ ಹಿಡಿಯುವ ಕ್ರಮ ಇದಕ್ಕೆ ತಲೆಕೆಳಗು. ಎಂಜಿನ್ನಿಗೆ ಹಣ ಸುರಿದು ಬ್ರೇಕಿನ ವೇಳೆಗೆ ಜೇಬು ಬರಿದಾಗಿರುತ್ತದೆ.

ಮುಳಬಾಗಿಲಿನ ಆಂಜನೇಯನನ್ನು ಅರ್ಜುನನೇ ಪ್ರತಿಷ್ಠಿಸಿದನೆಂದು ಸ್ಥಳಪುರಾಣ. ಅರ್ಜುನನ ರಥದ ಧ್ವಜದಲ್ಲಿದ್ದವನೂ ಹನುಮನೇ ಆದುದರಿಂದ ಗಾಡಿ ಹೂಡುವವರಿಗೆ ಆ ಸನ್ನಿಧಿ ಪ್ರಿಯವಾದರೆ ಆಶ್ಚರ್ಯವಿಲ್ಲ. ಹೊಸ ಗಾಡಿಗೆ ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹೊರಡುವುದು ನಮ್ಮ ಜನರ ಪದ್ಧತಿ. ಆ ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸುವ ಮುನ್ನ ಪೆಡಲನ್ನೊಮ್ಮೆ ಬಲವಾಗಿ ತುಳಿದು, ಕಾಲಿನ ಕೆಳಗೆ ಅದು ಗಟ್ಟಿಯಾಗಿ ನಿಲ್ಲುವುದೋ ಇಲ್ಲವೋ ಎಂದು ನೋಡಿಕೊಳ್ಳುವುದೂ ಪೂಜೆಯ ಒಂದು ಅಂಗವಾದರೆ ಲೇಸು. ಅಲ್ಲಿಂದ ಮುಂದೆ ದಾರಿ ಇಳಿಯುವುದು ನಂಗಲಿಯ ಕಡೆಗೆ, ಘಟ್ಟದ ಕಡೆಗೆ.